ಟೆನ್ಷನ್ ಅಂದುಕೊಂಡೆವು, ಅದು ಉಣುಗಿನ ಕಾಯಿಲೆಯಾಗಿತ್ತು

ಅಮೆರಿಕದ ಕನೆಕ್ಟಿಕಟ್, ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಕಡೆ ಇರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೇಸಿಗೆಗೆ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಂತೂ ಓದಲೇಬೇಕು.

ನಾವಿರುವುದು ಕನೆಕ್ಟಿಕಟ್‌ನಲ್ಲಿ. ಮನೆ ಹಿಂದೆ ಒಂದಿಷ್ಟು ಜಾಗ, ಅದರಾಚೆ ಕಾಡು. ನನ್ನ ಗಂಡ ಸಾಗರದ ಕಡೆಯವರು, ಮಣ್ಣು ಕಂಡರೆ ಸುಮ್ನೆ ಕೂರುವವರಲ್ಲ. ಮೇ ತಿಂಗಳಿಂದಲೇ ಬಸಳೆ, ಹೀರೆ, ಬೆಂಡೆ ಅಂತ ಶುರು ಮಾಡುತ್ತಾರೆ. ಕಾಡಂಚಿನ ತರಗೆಲೆ ಬಾಚಿ ತಂದು ಗಿಡದ ಬುಡಕ್ಕೆ ಹಾಕುತ್ತಿದ್ದರು. ಜೂನ್ ಕೊನೆಯಲ್ಲಿ ನಾಲ್ಕು ದಿನ ಜ್ವರ, ಮೈಕೈ ನೋವು. ಮಂಡಿಯ ಹಿಂದೆ ಅಂಗೈ ಅಗಲದ ಒಂದು ಕಪ್ಪುಗೆಂಪು ಕಲೆ. ನೋವಿಲ್ಲ, ತುರಿಕೆ ಇಲ್ಲ. ಎಲ್ಲೋ ತಾಗಿಸಿಕೊಂಡಿರಬೇಕು ಅಂತ ಬಿಟ್ಟೆವು.

ಆ ವಾರ ಫೋನಿನಲ್ಲಿ ಅತ್ತೆ ಕೇಳಿದ ಮೊದಲ ಮಾತೇ, "ಅಪ್ಪಿ, ಉಣುಗು ಏನಾದ್ರೂ ಕಚ್ಚಿತ್ತೇನೋ?" ಅಂತ. ಮಲೆನಾಡಿನವರಿಗೆ ಈ ಭಯ ಹೊಸದಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಅಲ್ವಾ? ಸೊಪ್ಪಿಗೆ, ದರಕಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡ ಜನ ಅವರು. ಇವರು, "ಇಲ್ಲಿ ದನವೂ ಇಲ್ಲ, ಮಂಗವೂ ಇಲ್ಲ, ಉಣುಗು ಎಲ್ಲಿಂದ ಬರ್ತದಮ್ಮಾ" ಅಂದುಬಿಟ್ಟರು. ಪಕ್ಕದಲ್ಲಿದ್ದ ನಾನೂ ಹೌದೆಂದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜುಲೈ ಮಧ್ಯದ ಹೊತ್ತಿಗೆ ಮನುಷ್ಯರೇ ಬದಲಾಗಿಹೋದರು. ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಓಡಾಡುವುದು. ಎದೆ ಡವಡವ, ಏನೋ ಆಗಿಬಿಡುತ್ತೆ ಅನ್ನುವ ಭಯ. ಮಗಳ ಕೈಯಿಂದ ಸ್ಟೀಲ್ ಲೋಟ ಜಾರಿ ಬಿದ್ದದ್ದಕ್ಕೆ ಕಿವಿ ಮುಚ್ಚಿಕೊಂಡು ಕಿರುಚಿದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾನು ಅವರ ದೊಡ್ಡ ದನಿ ಕೇಳಿದವಳಲ್ಲ. ಒಂದು ದಿನ ಹುಳಿ ಬಡಿಸುವ ಸೌಟು ಕೈಯಲ್ಲಿ ಹಿಡಿದು, "ಇದಕ್ಕೆ ಏನಂತಾರೆ?" ಅಂದರು. ತಮಾಷೆ ಅಂದುಕೊಂಡು ತಿರುಗಿ ನೋಡಿದರೆ ಕಣ್ಣಲ್ಲಿ ನೀರು.

ಡಾಕ್ಟರ್ ಹತ್ತು ನಿಮಿಷ ಮಾತಾಡಿಸಿದರು. ಆಫೀಸಿನಲ್ಲಿ ಲೇಆಫ್ ನಡೆದಿತ್ತು, ವೀಸಾ ಚಿಂತೆ ಬೇರೆ. ಕಾರಣ ಕೈಗೇ ಸಿಕ್ಕಿದಂತಾಯಿತು. ಆತಂಕ, ಖಿನ್ನತೆ ಅಂತ ಮಾತ್ರೆ ಬರೆದುಕೊಟ್ಟರು. ತಲೆನೋವು, ಕುತ್ತಿಗೆ ಬಿಗಿತ ಅಂದರೆ ಕಂಪ್ಯೂಟರ್ ಕೆಲಸ ಜಾಸ್ತಿಯಾಗಿದೆ ಅಂದರು. ಜ್ವರ, ಕಲೆ, ಕಾಡಂಚಿನ ತರಗೆಲೆ ಇದ್ಯಾವುದನ್ನೂ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ನೆಂಟರಲ್ಲಿ ಕೆಲವರು ದೃಷ್ಟಿ ತೆಗೆಸಿ ಅಂದರು, ಕೆಲವರು ಧ್ಯಾನ ಮಾಡಿಸಿ ಅಂದರು.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ. ಇವರು ಕಾಫಿ ಕುಡಿಯುತ್ತಿದ್ದರು. ಬಾಯಿಯ ಬಲಗಡೆಯಿಂದ ಕಾಫಿ ಗಲ್ಲಕ್ಕೆ ಇಳಿಯಿತು. ಒರೆಸಿಕೊಂಡು ಮತ್ತೆ ಕುಡಿದರು, ಮತ್ತೆ ಇಳಿಯಿತು. "ಒಂದ್ಸಲ ನಗಿ" ಅಂದೆ. ಎಡಗಡೆ ತುಟಿ ಮಾತ್ರ ಎದ್ದಿತು. ಬಲಗಣ್ಣು ಮುಚ್ಚುತ್ತಲೇ ಇರಲಿಲ್ಲ. ಸ್ಟ್ರೋಕ್ ಅಂತ ಎಮರ್ಜೆನ್ಸಿಗೆ ಓಡಿದೆವು. ಅಲ್ಲಿನ ಡಾಕ್ಟರ್ ಹುಬ್ಬು ಮೇಲೆತ್ತಿ ಅಂದರು. ಬಲಗಡೆ ಹಣೆಯಲ್ಲಿ ನೆರಿಗೆಯೇ ಬೀಳಲಿಲ್ಲ. ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಹಣೆ ಅಲ್ಲಾಡುತ್ತದಂತೆ. ಆಮೇಲೆ ಅವರು ಕೇಳಿದ್ದು ಅತ್ತೆ ಕೇಳಿದ ಪ್ರಶ್ನೆಯನ್ನೇ.

ರಕ್ತ ಪರೀಕ್ಷೆ ಆಯಿತು, ಬೆನ್ನಿನಿಂದ ನೀರು ತೆಗೆದು ನೋಡಿದರು. ಲೈಮ್ ಕಾಯಿಲೆ. ನರಕ್ಕೂ ಮೆದುಳಿನ ಪೊರೆಗೂ ಹಬ್ಬಿತ್ತು. ಈ ಕಾಯಿಲೆಗೆ ಹೆಸರು ಬಂದದ್ದೇ ನಮ್ಮ ಕನೆಕ್ಟಿಕಟ್‌ನ ಲೈಮ್ ಅನ್ನುವ ಊರಿನಿಂದ. 1975ರ ಸುಮಾರಿಗೆ ಅಲ್ಲಿ ಒಬ್ಬರಾದ ಮೇಲೊಬ್ಬರು ಮಕ್ಕಳಿಗೆ ಕೀಲು ಊದಿಕೊಂಡಾಗ, ಏನೋ ಇದೆ ನೋಡಿ ಅಂತ ಹಟ ಹಿಡಿದವರು ತಾಯಂದಿರು. ಬೊರೇಲಿಯಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ ಇದು. ಹರಡುವುದು ಜಿಂಕೆ ಉಣುಗು. ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿದ್ದೂ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿ ಉದುರಿದ್ದೂ ಗೊತ್ತಾಗುವುದಿಲ್ಲ. ಚಿತ್ರಗಳಲ್ಲಿ ತೋರಿಸುವ ಬಳೆಯಂಥ ಕೆಂಪು ಗುರುತು ಎಲ್ಲರಿಗೂ ಬರುವುದಿಲ್ಲ. ನಮ್ಮಂಥ ಕಂದು ಮೈಬಣ್ಣದವರಿಗೆ ಬಂದರೂ ಪೆಟ್ಟು ಬಿದ್ದ ಕಲೆಯ ಹಾಗೆ ಕಾಣಬಹುದು.

21 ದಿನ ಡಾಕ್ಸಿಸೈಕ್ಲಿನ್ ಕೊಟ್ಟರು. ಮುಖ ಆರು ವಾರದಲ್ಲಿ ಸರಿಹೋಯಿತು. ನಿದ್ದೆ ಮತ್ತು ಧೈರ್ಯ ತಿರುಗಿ ಬರಲು ಡಿಸೆಂಬರ್ ಆಯಿತು.

ದಯವಿಟ್ಟು ತಪ್ಪು ತಿಳಿಯಬೇಡಿ. ಖಿನ್ನತೆ, ಆತಂಕ ಇರುವವರಲ್ಲಿ ಬಹುಪಾಲು ಜನರಿಗೆ ಲೈಮ್ ಇರುವುದಿಲ್ಲ. ಮಾತ್ರೆ ತಗೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಬೇಡಿ. ಇವರ ಮಾತ್ರೆಯನ್ನೂ ಡಾಕ್ಟರೇ ನಿಧಾನವಾಗಿ ಇಳಿಸಿದ್ದು. ಆದರೆ ನಂಟು ಸುಳ್ಳಲ್ಲ. ಡೆನ್ಮಾರ್ಕಿನಲ್ಲಿ ಸುಮಾರು 70 ಲಕ್ಷ ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ಲೈಮ್ ಪತ್ತೆಯಾದವರಿಗೆ ಮಾನಸಿಕ ಕಾಯಿಲೆ 28% ಜಾಸ್ತಿ, ಆತ್ಮಹತ್ಯೆ ಯತ್ನ ಎರಡರಷ್ಟು ಕಂಡಿತ್ತು. ಹಾಗಾಗಿ ಉಣುಗು ಇರುವ ಜಾಗದಲ್ಲಿದ್ದು, ಬೇಸಿಗೆಯಲ್ಲಿ ಜ್ವರವೋ ಕಲೆಯೋ ಬಂದು, ಆಮೇಲೆ ಮನಸ್ಸು ಕೆಟ್ಟರೆ, ಅವರು ಕೇಳದಿದ್ದರೂ ನೀವೇ ಡಾಕ್ಟರಿಗೆ ಹೇಳಿ. ಕಚ್ಚಿದ ಮೊದಲ ವಾರಗಳಲ್ಲಿ ರಕ್ತ ಪರೀಕ್ಷೆ ನೆಗೆಟಿವ್ ಬರಬಹುದು, ಅದನ್ನೂ ಕೇಳಿ.

ಇನ್ನೊಂದು ಗುಂಡಿಗೆ ನಾವು ಬೀಳುವುದರಲ್ಲಿದ್ದೆವು. ಪೂರ್ತಿ ವಾಸಿಯಾಗಲು ತಿಂಗಳುಗಟ್ಟಲೆ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಬೇಕು ಅನ್ನುವ ಕ್ಲಿನಿಕ್ ಒಂದನ್ನು ಪರಿಚಯದವರು ಹೇಳಿದ್ದರು. ಇನ್ಶೂರೆನ್ಸ್ ನಡೆಯುವುದಿಲ್ಲ, ಸಾವಿರಾರು ಡಾಲರ್ ಮೊದಲೇ ಕಟ್ಟಬೇಕು. ನಮ್ಮ ನರರೋಗ ತಜ್ಞರು ಖಡಾಖಂಡಿತವಾಗಿ ಬೇಡ ಅಂದರು. ಹಾಗೆ ಉದ್ದಕ್ಕೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಹೆಚ್ಚಿನ ಲಾಭ ಕಂಡಿಲ್ಲ, ಡ್ರಿಪ್‌ನ ನಳಿಕೆಯಿಂದಲೇ ಸೋಂಕು ತಗುಲಿದ್ದುಂಟು.

ಈಗ ತೋಟದಿಂದ ಬಂದ ಕೂಡಲೇ ಬಟ್ಟೆ ಡ್ರೈಯರಿಗೆ, ಜಾಸ್ತಿ ಬಿಸಿಯಲ್ಲಿ ಹತ್ತು ನಿಮಿಷ. ಆಮೇಲೆ ಮಂಡಿ ಹಿಂದೆ, ಕಂಕುಳು, ತೊಡೆಸಂದು, ಹೊಕ್ಕಳು, ಕೂದಲ ಬುಡ ಎಲ್ಲ ಟಾರ್ಚ್ ಹಾಕಿ ನೋಡುತ್ತೇವೆ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚೂಪು ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಸೆಯಬೇಡಿ. ಸಣ್ಣ ಕವರಿನಲ್ಲಿ ಹಾಕಿ, ಮೇಲೆ ತಾರೀಕು ಬರೆದು, ಕಿತ್ತ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ. ಬೇಕೆನಿಸಿದರೆ ಕಾಯಿಲೆ ಬರದ ಹಾಗೆ ಅವರು ಒಂದೇ ಡೋಸ್ ಮಾತ್ರೆ ಕೊಡುತ್ತಾರೆ.