ಎತ್ತಿಪೋತ ಫಾಲ್ಸ್, ಚಿಂಚೋಳಿ: ಮಳಿ ಆದ ಮ್ಯಾಲೇ ಹೋಗ್ರಿ

ಕಲಬುರಗಿ ಅಂದ್ರ ಬಿಸಲು, ತೊಗರಿ, ಫರ್ಸಿ ಇಷ್ಟೇ ಅಂತ ನಮ್ಮ ಭಾವ ಯಾವಾಗ್ಲೂ ಕಾಡ್ತಿರ್ತಾರ, ಬೆಂಗಳೂರಿಂದ ಬಂದಾಗ ಈ ಸಲ ಬಿಡಬಾರ್ದು ಅಂತ ಮುಂಜಾನಿ ಆರಕ್ಕೇ ಎಬ್ಬಿಸಿ ಚಿಂಚೋಳಿ ಕಡಿ ಕಾರ್ ಹೊಡದೆ. ಎಂಬತ್ತು ಕಿಲೋಮೀಟರ್ ಮ್ಯಾಲೇ ಆಗ್ತದ, ಚಿಂಚೋಳಿ ದಾಟಿದ್ಮ್ಯಾಲ ಕರಿ ಹೊಲ ಮುಗದು ಕೆಂಪ್ ಮಣ್ಣು, ತಾಂಡಾಗಳು, ಆಮ್ಯಾಲ ಅಡವಿ ಶುರು ಆಗ್ತದ ನೋಡ್ರಿ, ಭಾವ ಅಲ್ಲೇ ಸುಮ್ನಾದ್ರು. 2011ರಾಗ ವನ್ಯಜೀವಿಧಾಮ ಅಂತ ಘೋಷಣೆ ಮಾಡಿದ ಅಡವಿ ಇದು, ಸಾಗವಾನಿ, ಶ್ರೀಗಂಧ ಎಲ್ಲಾ ಅವ. ಅದಕ್ಕ ಹಾಡು ಜೋರಾಗಿ ಹಚ್ಚೋದು, ಒಲಿ ಹೂಡೋದು ಬ್ಯಾಡ್ರಿ.

ಗಾಡಿ ಬಿಟ್ಟು ಹಳ್ಳದ ಗುಂಟ ನಡೀಬೇಕು. ದಾರಿ ಅಂದ್ರ ದಾರಿ ಅಲ್ಲ, ದನಾ ಓಡಾಡಿದ ಗುರ್ತು ಅಷ್ಟೇ, ಹಾವಸಿ ಕಟ್ಟಿದ ಕಲ್ಲು ಭಾಳ ಜಾರ್ತಾವ, ನಾ ಚಪ್ಲಿ ಹಾಕ್ಕೊಂಡು ಹೋಗಿದ್ದೆ, ಅರ್ಧ ದಾರಿಗೇ ಉಂಗುಷ್ಟ ಕಿತ್ಗೊಂಡು ಬಂತು, ಮುಂದ ಬರಿಗಾಲು. ಕೆಲವ್ರು ಮ್ಯಾಲಿಂದೇ ನೋಡಿ ಸೆಲ್ಫಿ ಹೊಡ್ಕೊಂಡು ವಾಪಸ್ ಹೋಗ್ತಾರ, ಅದು ಅರ್ಧಾನೂ ನೋಡಿದಂಗಲ್ಲ. ಹುಷಾರಾಗಿ ಕೆಳಗ ಕಣಿವ್ಯಾಗ ಇಳೀರಿ. ಎರಡೂ ಕಡಿ ಕಲ್ಲಿನ ಗ್ವಾಡಿ, ನಡುವ ನಾವು, ಮಾತಾಡಿದ್ರ ಒಬ್ರದೊಬ್ರಿಗೆ ಕೇಳಂಗಿಲ್ಲ, ಮಾರಿಗೆ ತುಂತುರು ಹೊಡೀತದ. ನೀರು ಹಾಲಿನಂಗ ಬೆಳ್ಳಗ ಇರ್ತದ ಅಂದ್ಕೋಬ್ಯಾಡ್ರಿ, ಹಿಂದಿನ ದಿನ ಮಳಿ ಆಗಿತ್ತು, ಚಾ ಬಣ್ಣ ಆಗಿತ್ತು, ನನಗ ಅದೇ ಚಂದ ಅನಿಸ್ತು.

ಇದೇ ಹೆಸರಿಂದು ನಾಗಾರ್ಜುನ ಸಾಗರದ ಹತ್ರಾನೂ ಒಂದದ, ಗೊಂದಲ ಮಾಡ್ಕೋಬ್ಯಾಡ್ರಿ. ಎತ್ತಿಪೋತ ಅಂದ್ರ ತೆಲುಗಿನ್ಯಾಗ ಎತ್ತಿ ಸುರಿಯೋದು, ಏತ ನೀರಾವರಿಗೂ ಅವ್ರು ಇದೇ ಮಾತು ಹೇಳ್ತಾರ. ತೆಲಂಗಾಣ ಗಡಿ ಹತ್ರಾನೇ ಅದ ನೋಡ್ರಿ, ಅದಕ್ಕ ನಮ್ಮ ಕಡಿ ಹೆಸರು ಹಿಂಗೇ.

ನಾಕು ಸ್ಟಾರ್ ಕೊಡ್ತೀನಿ. ಒಂದು ಕಡಿಮಿ ಮಾಡಿದ್ದು ಜಲಪಾತಕ್ಕಲ್ಲ, ಬಂದೋರಿಗೆ. ಕುಡದ ಬಾಟ್ಲಿ ಕಲ್ಲಿಗೆ ಹೊಡದು ಗಾಜು ಹಂಗೇ ಬಿಟ್ಟಾರ್ರಿ, ಬರಿಗಾಲ್ನ್ಯಾಗ ನನ್ ಜೀವ ಹೋಗಿ ಬಂತು. ನಾ ಹೋದ ದಿನ ಬಟ್ಟಿ ಬದ್ಲಿ ಮಾಡ್ಲಿಕ್ಕ ಜಾಗಾ ಕಾಣ್ಲಿಲ್ಲ, ಹೆಣ್ಮಕ್ಕಳಿಗೆ ಇದು ತ್ರಾಸೇ. ಫೋನ್ ನೆಟ್ವರ್ಕೂ ಕೈ ಕೊಡ್ತು, ತಾಂಡಾದಾಗ ದಾರಿ ಕೇಳ್ಕೊಂಡೇ ಹೋಗ್ರಿ. ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಹೋಗಿದ್ದಕ್ಕ ನಾವು ಬಚಾವ್.

ಜುಲೈಯಿಂದ ಅಕ್ಟೋಬರ್ ಒಳಗ ಹೋಗ್ರಿ, ಆದ್ರ ಮ್ಯಾಲ ಮೋಡ ಕಪ್ಪಿಟ್ರ ಇಳೀಬ್ಯಾಡ್ರಿ, ಹಳ್ಳ ಒಮ್ಮಿಗೇ ಏರ್ತದ. ಬ್ಯಾಸಿಗ್ಯಾಗ ಹೋಗಿ ನೀರಿಲ್ಲ ಅಂತ ಬೈದು ಒಂದು ಸ್ಟಾರ್ ಕೊಡೋರಿಗೆ ಏನನ್ಬೇಕೋ. ಟೈಮ್ ಉಳದ್ರ ಚಂದ್ರಂಪಳ್ಳಿ ಡ್ಯಾಮ್ ಕಡಿನೂ ಹೋಗಿ ಬರ್ರಿ, ನಾವು ಹೋಗೋದ್ರಾಗ ಸಂಜಿ ಆಗಿತ್ತು, ಭಾವ ಅಲ್ಲಿಂದ ಏಳ್ಲಿಕ್ಕೇ ತಯಾರಿಲ್ಲ.