ಯೋಧರ ಪದಕಗಳಿಗೆ ರೆಡಿಮೇಡ್ ಶ್ಯಾಡೋ ಬಾಕ್ಸ್: ಚೌಕಟ್ಟು ಸರಿ, ಹಲಗೆ ಬೇಡ

ಆನ್‌ಲೈನಿನಲ್ಲೂ ಫ್ರೇಮ್ ಅಂಗಡಿಗಳಲ್ಲೂ ಸಿಗುವ 12×10 ಇಂಚಿನ ಮೆಡಲ್ ಪೆಟ್ಟಿಗೆಗಳು, ಅಂದರೆ ಶ್ಯಾಡೋ ಬಾಕ್ಸ್‌ಗಳು, ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಕಪ್ಪು ಚೌಕಟ್ಟು, ಮುಂದೆ ಗಾಜು, ಹಿಂದೆ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ) ಹಲಗೆ, ಅದಕ್ಕಂಟಿಸಿದ ಕೆಂಪು ವೆಲ್ವೆಟ್. ಗೋಡೆಗೆ ತೂಗುಹಾಕಿದ ದಿನ ಚೆನ್ನಾಗಿಯೇ ಕಾಣುತ್ತದೆ. 1971ರ ಯುದ್ಧ ಕಂಡು ಬಂದ ತಾತನ ಪೂರ್ವಿ ಸ್ಟಾರ್ (ಪೂರ್ವ ರಣರಂಗದ ಪದಕ), ಸಂಗ್ರಾಮ್ ಮೆಡಲ್‌ಗಳನ್ನು ಮಾತ್ರ ಇದರಲ್ಲಿ ಹಾಗೇ ಇಡಬೇಡಿ. ಅಂಕ ಕೊಡುವುದಾದರೆ 5ಕ್ಕೆ 2.

ಎಂಡಿಎಫ್ ವರ್ಷಗಟ್ಟಲೆ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಮಡಿಕೇರಿ, ಸಕಲೇಶಪುರದ ಮಳೆಗಾಲದ ಥಂಡಿಯೂ ಜೊತೆಗೂಡಿದರೆ ಕಂಚಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಗ್ಗದ ವೆಲ್ವೆಟ್ಟು ಬಣ್ಣ ಬಿಟ್ಟು ರಿಬ್ಬನ್ನಿಗೆ ಹತ್ತಿದರೆ ಮತ್ತೆ ಹೋಗುವುದಿಲ್ಲ.

ಚೌಕಟ್ಟು ಇಟ್ಟುಕೊಂಡು ಹಲಗೆ ತೆಗೆಸಿ, ಆಸಿಡ್-ಫ್ರೀ ಮೌಂಟ್ ಬೋರ್ಡ್ ಹಾಕಿಸಿ. ಮೇಲೆ ಎರಡು ಸಲ ಒಗೆದ ಬಣ್ಣ ಹಾಕದ ಹತ್ತಿ ಬಟ್ಟೆ ಸಾಕು. ಉಣ್ಣೆಯ ಫೆಲ್ಟ್ ಬೇಡ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕೊಳ್ಳುವ ಮುಂಚೆ ಒಳಗಿನ ಆಳ ಅಳೆಯಿರಿ. ಪಿನ್ ಇರುವ ಬಾರ್‌ಗೆ (ಪದಕಗಳನ್ನು ಸಾಲಾಗಿ ತೂಗುಹಾಕುವ ಪಟ್ಟಿಗೆ) ಕನಿಷ್ಠ 25 ಮಿ.ಮೀ. ಬೇಕು, ಇಲ್ಲದಿದ್ದರೆ ಪದಕ ಗಾಜಿಗೆ ತಾಗಿ ಅಲ್ಲಿನ ಬೆವರು ನೇರ ಲೋಹಕ್ಕೆ ಇಳಿಯುತ್ತದೆ.

ಅಂಗಡಿಯವರು ಸಾಮಾನ್ಯವಾಗಿ ಬಿಸಿ ಅಂಟಿನ ಗನ್ ಹಿಡಿದೇ ಕೂತಿರುತ್ತಾರೆ. ಅಂಟು ಕಿತ್ತರೆ 32 ಮಿ.ಮೀ. ಅಗಲದ ಹಳೇ ರಿಬ್ಬನ್ನಿನ ಎಳೆಗಳೂ ಕಿತ್ತುಬರುತ್ತವೆ. ಬಿಳಿ ಹತ್ತಿ ದಾರದಿಂದ ರಿಬ್ಬನ್ನಿನ ಹಿಂದಿನ ಮಡಿಕೆಗೆ ಎರಡೆರಡು ಹೊಲಿಗೆ ಹಾಕಲು ಹೇಳಿ, ನಾಳೆ ಕತ್ತರಿಸಿ ತೆಗೆಯಬಹುದು.

ಕ್ರಮವೂ ತಪ್ಪುತ್ತದೆ. ಮಾನ್ಯತೆಯಲ್ಲಿ ಹಿರಿಯದಾದ ಪದಕ ನೋಡುವವರ ಎಡಕ್ಕೆ ಬರಬೇಕು. ಪೂರ್ವಿ ಅಥವಾ ಪಶ್ಚಿಮಿ ಸ್ಟಾರ್ ಮೊದಲು, ಆಮೇಲೆ ಸಂಗ್ರಾಮ್, ನಂತರ ಸೈನ್ಯ ಸೇವಾ ಮೆಡಲ್. ಫೋಟೋ ತಿರುಗುಮುರುಗಾಗಿ ಬಂದಿದ್ದನ್ನೇ ನೋಡಿ ಜೋಡಿಸಿದ ಪೆಟ್ಟಿಗೆಗಳೂ ಉಂಟು. ಒಂದು ಪದಕ ಕಳೆದಿದ್ದರೆ ಬಜಾರಿನ ನಕಲು ತಂದು ಸುಮ್ಮನೆ ತುಂಬಬೇಡಿ, ನಕಲೆಂದು ಹಿಂದೆ ಬರೆದಿಡಿ. ಸೇವಾ ಸಂಖ್ಯೆ ಗೊತ್ತಿದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ (ಸೇವಾ ದಾಖಲೆಗಳ ಕಚೇರಿಗೆ) ಕಳೆದ ಪದಕದ ಬಗ್ಗೆ ಪತ್ರ ಬರೆಯಬಹುದು. ಮದ್ರಾಸ್ ಸ್ಯಾಪರ್ಸ್‌ನವರಿಗೆ ಅದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್ಫೆಂಟ್ರಿಯವರಿಗೆ ಬೆಳಗಾವಿಯಲ್ಲಿ.

ಒಳಗೆ 10 ಗ್ರಾಂನ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ಜೂನಿಗೆ ಮುಂಚೆ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಬದಲಿಸಿ. ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ. ಗೌರವವೆಂದು ದೇವರಮನೆಯಲ್ಲಿ ಇಟ್ಟರೆ ಎಣ್ಣೆದೀಪದ ಮಸಿ, ಕರ್ಪೂರದ ಹೊಗೆ.

ಇನ್ನು ಬೆಳಗುವ ವಿಚಾರ. ಹಬ್ಬದ ಹಿಂದಿನ ದಿನ ದೇವರ ಪಾತ್ರೆಗಳ ಜೊತೆ ಪದಕಗಳಿಗೂ ಹುಣಸೆಹಣ್ಣು ಹಚ್ಚುವ ಮನೆಗಳಿವೆ. ಗುಂಡನೆಯ ಪದಕದ ಅಂಚಿನಲ್ಲಿ, ನಾಣ್ಯದ ಅಂಚಿನಷ್ಟೇ ತೆಳ್ಳಗೆ, ಯೋಧನ ಸಂಖ್ಯೆ ಮತ್ತು ಹೆಸರು ಕೊರೆದಿರುತ್ತದೆ. ಉಜ್ಜಿದಷ್ಟೂ ಮೊದಲು ಸವೆಯುವುದು ಅದೇ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಕಪ್ಪು ಇದ್ದರೆ ಇರಲಿ. ಪೆಟ್ಟಿಗೆ ಮುಚ್ಚುವ ಮುಂಚೆ ಭೂತಗನ್ನಡಿ ಹಿಡಿದು ಆ ಅಂಚನ್ನು ಓದಿ, ಅಕ್ಷರ ಬಿಡದೆ ನಕಲು ಮಾಡಿ, ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಜೊತೆ ಹಿಂಬದಿಯ ಲಕೋಟೆಯಲ್ಲಿಡಿ.