ಗೋವಿನಜೋಳದ ಎಲೆ ಅಂಗಮಾರಿ: ಅಗ್ಗದ ಪುಡಿ, ದುಬಾರಿ ಬಾಟ್ಲಿ, ತಮ್ಮನ ಬೀಜ

ಎರಡು ವರ್ಷದ ಹಿಂದೆ ಹಿರೇಕೆರೂರು ಕಡೆಯ ನಮ್ಮ ಹೊಲದಲ್ಲಿ ಗೋವಿನಜೋಳದ ಕೆಳಗಿನ ಎಲೆಗಳು ಒಣಗತೊಡಗಿದವು. ಗೊಬ್ಬರ ಕಡಿಮೆ ಬಿದ್ದಿದೆ ಅಂತ ಯೂರಿಯಾ ಚೆಲ್ಲಿದೆ. ಅದು ತಪ್ಪು. ಸಾರಜನಕ ಸಾಲದಿದ್ದರೆ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತದೆ. ನಮ್ಮಲ್ಲಿದ್ದದ್ದು ಚುಟ್ಟಾ ಆಕಾರದ, ಗೇಣುದ್ದದವರೆಗೂ ಬೆಳೆಯುವ ಬೂದು-ಕಂದು ಮಚ್ಚೆ. ಮಳೆ ಹಿಡಿದ ದಿನ ಉಜ್ಜಿದರೆ ಬೆರಳಿಗೆ ಕಪ್ಪು ಪುಡಿ ಅಂಟುತ್ತಿತ್ತು. ಅದೇ ಟರ್ಸಿಕಮ್ ಅಂಗಮಾರಿ ತರುವ ಶಿಲೀಂಧ್ರದ ಬೀಜಕಣ. ನನಗೆ ಗೊತ್ತಾಗುವಷ್ಟರಲ್ಲಿ ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂ ಬಂದು, ರೋಗ ತೆನೆ ದಾಟಿ ಮೇಲೇರಿತ್ತು. ಆಗ ಹೊಡೆದ ಔಷಧಿ ದುಡ್ಡು ತಿಂದಿತು ಅಷ್ಟೇ.

ಹೋದ ಮುಂಗಾರಿನಲ್ಲಿ ಹಠಕ್ಕೆ ಬಿದ್ದು ಹೊಲ ಪಾಲು ಮಾಡಿದೆ. ಒಂದು ಎಕರೆಗೆ ಮ್ಯಾಂಕೊಜೆಬ್ ಪುಡಿ, ಲೀಟರ್ ನೀರಿಗೆ 2.5 ಗ್ರಾಂ. ಪಕ್ಕದ ಎಕರೆಗೆ ಅಜಾಕ್ಸಿಸ್ಟ್ರೋಬಿನ್, ಡೈಫೆನ್‌ಕೊನಜೋಲ್ ಎರಡೂ ಸೇರಿದ ಬಾಟ್ಲಿ ಔಷಧಿ, ಲೀಟರಿಗೆ 1 ಮಿಲಿ. ಹತ್ತು ಗುಂಟೆ ಸುಮ್ನೆ ಬಿಟ್ಟೆ. ಬದುವಿನ ಆಚೆ ತಮ್ಮನ ಹೊಲ. ಅವನು ಈ ರೋಗ ತಡೆಯುವ ಹೈಬ್ರಿಡ್ ಬಿತ್ತಿದ್ದ. "ಅಣ್ಣಾ, ನಾ ಏನೂ ಹೊಡೆಯಂಗಿಲ್ಲ" ಅಂತ ಮೊದಲೇ ಹೇಳಿದ್ದ.

ಬಿತ್ತಿ ನಲವತ್ತು ದಿನಕ್ಕೆ ಪುಷ್ಯ ಮಳೆಯ ಜಡಿಯಲ್ಲಿ ಮೊದಲ ಮಚ್ಚೆ ಕಂಡಿತು. ತಂಪು, ಎಲೆ ಮೇಲೆ ಇಡೀ ದಿನ ತೇವ. ಈ ರೋಗಕ್ಕೆ ಬೇಕಾದದ್ದು ಅದೇ. ಹೊಳವಾದ ದಿನ ನೋಡಿ ಎರಡೂ ಕಡೆ ಹೊಡೆದೆ.

ಮ್ಯಾಂಕೊಜೆಬ್ ಎಲೆಯ ಮೇಲೆ ಕೂತು ಕಾಯುವ ಔಷಧಿ, ಒಳಗೆ ಇಳಿಯುವುದಿಲ್ಲ. ಮೂರನೇ ದಿನಕ್ಕೆ ಜೋರು ಮಳೆ ತೊಳೆದುಕೊಂಡು ಹೋಯಿತು. ಹತ್ತು ದಿನಕ್ಕೆ ಮತ್ತೆ ಹೊಡೆಯಬೇಕಾಯಿತು. ಅಷ್ಟರಲ್ಲಿ ಬೆಳೆ ಹೆಗಲಿಗೆ ಬಂದಿತ್ತು. ಬೆನ್ನಿಗೆ ಪಂಪು ಹೊತ್ತು ಸಾಲಲ್ಲಿ ನುಗ್ಗಿದರೆ ಎಲೆಯಂಚು ಕೈ, ಮುಖ ಎಲ್ಲಾ ಕೊಯ್ಯುತ್ತದೆ. ಆಳು ಒಪ್ಪಲು ಜಾಸ್ತಿ ಕೂಲಿ ಕೇಳಿದ. ಪುಡಿ ಅಗ್ಗ ನಿಜ, ಎರಡು ಸಲದ ಕೂಲಿ ಸೇರಿಸಿದರೆ ಅಷ್ಟೇನೂ ಅಗ್ಗ ಅಲ್ಲ.

ಬಾಟ್ಲಿ ಔಷಧಿ ಎಲೆಯೊಳಗೆ ಹೋಗುತ್ತದೆ. ಒಂದೇ ಸಲಕ್ಕೆ ನಡೆಯಿತು. ಹಳೆ ಮಚ್ಚೆ ಮಾಯವಾಗಲಿಲ್ಲ, ಸತ್ತ ಎಲೆ ಮತ್ತೆ ಹಸಿರಾಗುತ್ತದಾ? ಆದರೆ ತೆನೆಯ ಪಕ್ಕದ ಮತ್ತು ಮೇಲಿನ ಎಲೆಗಳು ಶುಚಿಯಾಗಿ ಉಳಿದವು. ಕಾಳು ತುಂಬುವುದೇ ಆ ಎಲೆಗಳಿಂದ. ಪುಡಿ ಹೊಡೆದ ಎಕರೆಗಿಂತ ಎರಡು ಚೀಲ ಜಾಸ್ತಿ ಬಂತು. ಸುಮ್ನೆ ಬಿಟ್ಟ ಹತ್ತು ಗುಂಟೆಯ ತೆನೆ ತುದಿಯಲ್ಲಿ ಕಾಳೇ ಕಟ್ಟಿರಲಿಲ್ಲ. ಹಿಂದೆ ಮಾಡಿದ ಹಾಗೆ ರೋಗ ತೆನೆ ದಾಟಿದ ಮೇಲೆ ಹೊಡೆದಿದ್ದರೆ ಇದೂ ದಂಡವೇ ಆಗುತ್ತಿತ್ತು.

ತಮ್ಮನ ಹೊಲದಲ್ಲಿ ಕೆಳಗಿನ ಎಲೆಗಳಲ್ಲಿ ಅಲ್ಲಲ್ಲಿ ಸಣ್ಣ ಮಚ್ಚೆ. ಅಷ್ಟಕ್ಕೇ ನಿಂತಿತು. ಔಷಧಿ ಖರ್ಚು ಸೊನ್ನೆ, ಇಳುವರಿ ನನ್ನ ಬಾಟ್ಲಿ ಎಕರೆಗೆ ಸಮ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಒಂದು ತಕರಾರು ಮಾತ್ರ ಇದೆ. ಅವನ ಹೊಲದಲ್ಲಿ ಹಿಂದಿನ ವರ್ಷ ಹತ್ತಿ ಇತ್ತು. ನನ್ನದರಲ್ಲಿ ಗೋವಿನಜೋಳದ ಮೇಲೆ ಗೋವಿನಜೋಳ, ಹಳೆ ದಂಟು ಹೊಲದಲ್ಲೇ ಬಿದ್ದಿತ್ತು. ಈ ಶಿಲೀಂಧ್ರ ಹಾಗೆ ಬಿದ್ದ ಕಸದಲ್ಲೇ ಉಳಿದು ಮುಂದಿನ ಬೆಳೆಗೆ ಹತ್ತುತ್ತದೆ. ಹಾಗಾಗಿ ಗೆದ್ದದ್ದು ಬೀಜವೋ ಹೊಲವೋ ಇನ್ನೂ ಬಗೆಹರಿದಿಲ್ಲ. ಈ ಸಲ ತಮ್ಮನ ಬೀಜವನ್ನೇ ನನ್ನ ಹೊಲಕ್ಕೆ ಬಿತ್ತಿದ್ದೇನೆ, ದಂಟೂ ಅಲ್ಲೇ ಇದೆ. ಬಾಟ್ಲಿಯೊಂದನ್ನು ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ತಮ್ಮನಿಗೆ ಅದು ಗೊತ್ತಿಲ್ಲ.